ಕಿಸೆಯ ಮೇಲಿನ ಕೈ

ಹೆನ್ರಿ ಲಸ್ರಾದೊ ಅವರ ಆಸ್ಟ್ರೇಲಿಯಾ ಪ್ರವಾಸದ ಫೋಟೋಗಳನ್ನು ನೋಡಿದವರ ಕಣ್ಣು ಮೊದಲು ಹೋಗುವುದು ಅವರ ಬಲಗೈಯ ಮೇಲೆ. ಸಿಡ್ನಿಯ ಹೊರಗಿನ ನೀಲಿ ಬೆಟ್ಟಗಳ ಎದುರು, ಕ್ಯಾನ್‌ಬೆರಾದ ಪಾರ್ಲಿಮೆಂಟಿನ ಮುಂದಿನ ಹುಲ್ಲಿನ ಮೇಲೆ, ಮೆಲ್ಬರ್ನಿನ ಟ್ರಾಮಿನ ಬಾಗಿಲಲ್ಲಿ, ಸಮುದ್ರದ ನಡುವೆ ನಿಂತ ಬಂಡೆಗಳ ಮುಂದೆ, ಎಲ್ಲ ಕಡೆಯೂ ಆ ಕೈ ಪ್ಯಾಂಟಿನ ಬಲಗಿಸೆಯನ್ನು ಒತ್ತಿ ಹಿಡಿದಿದೆ.

ಅವರು ಪ್ರವಾಸ ಮುಗಿಸಿ ಬಂದ ಮೇಲೆ ಒಂದು ಶುಕ್ರವಾರ ಕುವೈತಿನ ಅಬು ಹಲೀಫಾದ ಅವರ ಫ್ಲ್ಯಾಟಿಗೆ ನಾವಿಬ್ಬರು ಹೋಗಿದ್ದೆವು, ಕಂಪನಿಯ ಟೈಮ್ ಆಫೀಸಿನಲ್ಲಿ ಹಾಜರಿ ಬರೆಯುವ ನಾನು ಮತ್ತು ನಮ್ಮ ಯಾರ್ಡಿನ ಡ್ರೈವರ್ ರೋಹಿದಾಸ. ಟಿವಿಯಲ್ಲಿ ಫೋಟೋಗಳು ಒಂದೊಂದಾಗಿ ಬರುತ್ತಿದ್ದವು. ಏಳನೆಯದಕ್ಕೋ ಎಂಟನೆಯದಕ್ಕೋ ರೋಹಿದಾಸ ತಡೆಯಲಾರದೆ ಕೇಳಿದ:

"ಎಂತ ಪೊರ್ಬುಗಳೇ, ಅಲ್ಲಿಯೂ ಕಿಸೆಗಳ್ಳರು ಉಂಟಾ?"

ತುಳು ಮಾತಾಡುವವರು ನಮ್ಮ ಕಡೆಯ ಕ್ರೈಸ್ತ ಹಿರಿಯರನ್ನು ಪೊರ್ಬುಗಳು ಎಂದು ಕರೆಯುವುದು ವಾಡಿಕೆ. ಚಹಾ ತಂದಿಡುತ್ತಿದ್ದ ಅವರ ಹೆಂಡತಿ ಮೇಬಲ್ ಬಾಯಿ ಹೇಳಿದರು, "ಕಳ್ಳ ಇದ್ದದ್ದು ಹೌದು. ಆದರೆ ಕಿಸೆಯ ಹೊರಗಲ್ಲ."

ಮುಂದಿನದನ್ನು ಅವರಿಬ್ಬರೂ ಸೇರಿ, ಒಬ್ಬರನ್ನೊಬ್ಬರು ತಿದ್ದುತ್ತಾ ಹೇಳಿದರು. ಹೆನ್ರಿಯವರು ಯಾವ ಕೆಲಸ ಮಾಡುತ್ತಾರೆ ಎಂದು ಗೊತ್ತಿಲ್ಲದಿದ್ದರೆ ಅದರಲ್ಲಿ ದೊಡ್ಡದೇನೂ ಕಾಣಿಸುವುದಿಲ್ಲ. ಆದ್ದರಿಂದ ಅಲ್ಲಿಂದಲೇ ಶುರುಮಾಡಬೇಕು.

ಹೆನ್ರಿಯವರಿಗೆ ಈಗ ಐವತ್ತೇಳು. ಕರಾವಳಿಯ ಕಿನ್ನಿಗೋಳಿ ಕಡೆಯವರು. ಇಪ್ಪತ್ತಾರು ವರ್ಷಗಳಿಂದ ತೈಲ ಘಟಕವೊಂದರಲ್ಲಿ ಗುತ್ತಿಗೆ ಕೆಲಸ ಮಾಡುವ ನಮ್ಮ ಕಂಪನಿಯ ಗೇಟಿನಲ್ಲಿ ನಿಂತಿದ್ದಾರೆ. ಒಳಗೆ ಹೋಗುವವರು ಏನು ತೆಗೆದುಕೊಂಡು ಹೋಗುತ್ತಾರೆ ಎಂದು ನೋಡುವುದು ಅವರ ಕೆಲಸ. ಒಳಗೆ ಗ್ಯಾಸ್ ಇದೆ, ಒಂದು ಕಿಡಿ ಸಾಕು. ಬೆಂಕಿಪೊಟ್ಟಣ, ಲೈಟರ್, ಮಾಮೂಲಿ ಮೊಬೈಲ್, ಇದಾವುದೂ ಗೇಟು ದಾಟಕೂಡದು. ಬೆಳಗಿನ ಪಾಳಿಗೆ ಮುನ್ನೂರು ಜನ ಸಾಲಾಗಿ ಬರುತ್ತಾರೆ. ಪ್ರತಿಯೊಬ್ಬನನ್ನೂ ಅವರು "ಕುಛ್ ಹೈ?", ಏನಾದರೂ ಇದೆಯಾ, ಎಂದು ಒಂದೇ ದನಿಯಲ್ಲಿ ಕೇಳುತ್ತಾರೆ. ಇಲ್ಲ ಎಂದವನನ್ನು ಕೈ ಎತ್ತಿಸಿ ತಡವುತ್ತಾರೆ, ಚೀಲ ಬಿಚ್ಚಿಸುತ್ತಾರೆ. ಒಂದನ್ನು ಮಾತ್ರ ಅವರು ಮುಟ್ಟುವುದಿಲ್ಲ. ಯಾರದೇ ಕೊರಳಿನ ತಾಯಿತ, ಜಪಮಾಲೆ, ಚೀಲದಲ್ಲಿರುವ ದೇವರ ಪುಸ್ತಕ ಕಂಡರೆ ಕೈ ಹಿಂದಕ್ಕೆ ತೆಗೆಯುತ್ತಾರೆ. ಇದು ನಿಯಮದಲ್ಲಿ ಇಲ್ಲ. ಅವರೇ ಮಾಡಿಕೊಂಡದ್ದು.

ಪ್ರವಾಸಕ್ಕೆ ಒಂದೂವರೆ ತಿಂಗಳು ಮೊದಲು ಗೇಟಿನಲ್ಲಿ ಒಂದು ಘಟನೆ ನಡೆಯಿತು. ಸ್ಕ್ಯಾಫೋಲ್ಡಿಂಗ್ ಕಟ್ಟುವ ಮುತ್ತಲಿಬ್ ಎಂಬವನ ಊಟದ ಚೀಲದಲ್ಲಿ, ಖುಬ್ಸ್ ರೊಟ್ಟಿಯ ಅಡಿಯಲ್ಲಿ, ಒಂದು ಲೈಟರ್ ಸಿಕ್ಕಿತು. ಅವನು ಇಲ್ಲ ಎಂದು ಹೇಳಿಯಾಗಿತ್ತು.

"ಭೂಲ್ ಗಯಾ, ಸಾಬ್. ಖುದಾ ಕಸಂ, ಭೂಲ್ ಗಯಾ."

"ಫಾರ್ಮ್ ಮೇ ಭೂಲ್ ಗಯಾ ಕಾ ಜಗಹ್ ನಹೀ ಹೈ, ಭಾಯಿ," ಎಂದರು ಹೆನ್ರಿ. ಮರೆತೆ ಎಂದು ಬರೆಯಲು ಫಾರ್ಮಿನಲ್ಲಿ ಜಾಗವಿಲ್ಲ. ಮುತ್ತಲಿಬನಿಗೆ ಇಂಗ್ಲಿಷ್ ಬರೆಯಲು ಬಾರದು. ಅವನ ಹೇಳಿಕೆಯನ್ನು ಹೆನ್ರಿಯವರೇ ಬರೆದು ಹೆಬ್ಬೆಟ್ಟು ಒತ್ತಿಸಿದರು. ಕಾರಣ ಎನ್ನುವ ಕಡೆ "ಸುಳ್ಳು ಹೇಳಿಕೆ" ಎಂದು ಬರೆದರು. ಮುತ್ತಲಿಬನ ಗೇಟ್ ಪಾಸ್ ಹದಿನೈದು ದಿನ ನಿಂತಿತು. ಆಗಸ್ಟ್ ತಿಂಗಳ ಆ ಹದಿನೈದು ದಿನ ಅವನು ಕ್ಯಾಂಪಿನ ಕೋಣೆಯಲ್ಲಿ ಕುಳಿತಿದ್ದ. ಹೆನ್ರಿಯವರು ಅದನ್ನು ಮತ್ತೆ ಯೋಚಿಸಲಿಲ್ಲ. ಇಪ್ಪತ್ತಾರು ವರ್ಷಗಳಲ್ಲಿ ಅವರ ಸ್ವಂತ ಫೈಲಿನಲ್ಲಿ ಒಂದು ಕಪ್ಪು ಗೆರೆಯೂ ಇಲ್ಲ ಎಂಬುದು ಯಾರ್ಡಿಗೆಲ್ಲ ಗೊತ್ತಿತ್ತು. ಅವರಿಗೂ ಗೊತ್ತಿತ್ತು.

ಹೆನ್ರಿಯವರ ರಜೆ ಯಾವಾಗಲೂ ಊರಿಗೇ. ಮದುವೆ, ಅದರ ಮುನ್ನಾದಿನದ ರೋಸ್ ಶಾಸ್ತ್ರ, ಮನೆಯ ಹಂಚು, ತಂಗಿಯ ಮಕ್ಕಳ ದೀಕ್ಷಾಸ್ನಾನ. ರಜೆ ಎಂದರೆ ಇನ್ನೊಂದು ಊರು ನೋಡುವುದು ಎಂಬ ಅರ್ಥ ಅವರ ಮನೆಯಲ್ಲಿ ಇರಲಿಲ್ಲ. ಕುವೈತಿನಲ್ಲೇ, ಸಾಲ್ಮಿಯಾದಲ್ಲಿ ಕೆಲಸ ಮಾಡುವ ಮಗ ಆನ್ಸನ್ ಅಪ್ಪ ಅಮ್ಮನ ಮದುವೆಯ ಮೂವತ್ತನೇ ವರ್ಷಕ್ಕೆಂದು ಹೇಳದೆ ಕೇಳದೆ ಟಿಕೆಟ್ ಮಾಡಿಸಿದ. ಮೇಬಲ್ ಬಾಯಿ ಒಂದು ಕ್ಲಿನಿಕ್ಕಿನಲ್ಲಿ ನರ್ಸ್. ರಾತ್ರಿ ಪಾಳಿಯ ಬಿಡುವಿನಲ್ಲಿ ಅವರು ಫೋನಿನಲ್ಲಿ ಆಸ್ಟ್ರೇಲಿಯಾದ ದಕ್ಷಿಣ ಕರಾವಳಿಯ ರಸ್ತೆಯ ವೀಡಿಯೋ ನೋಡುವುದನ್ನು ಮಗ ಕಂಡಿದ್ದ. ಒಂದು ಪಕ್ಕ ಗುಡ್ಡ, ಒಂದು ಪಕ್ಕ ಸಮುದ್ರ, ನಡುವೆ ಸುತ್ತಿ ಸುತ್ತಿ ಹೋಗುವ ರಸ್ತೆ. ಮೇಬಲ್ ಬಾಯಿಗೆ ಬೇಕಾದದ್ದು ಅಷ್ಟೆ, ಆ ರಸ್ತೆಯಲ್ಲಿ ಒಂದು ದಿನ.

ಸೆಪ್ಟೆಂಬರ್ ಕೊನೆಯಲ್ಲಿ ಹೊರಟರು. ಹೊರಡುವ ಮುನ್ನಾದಿನ ಹೆನ್ರಿಯವರು ಹಾಲಿನ ನೆಲದ ಮೇಲೆ ಬೆಡ್‌ಶೀಟ್ ಹಾಸಿ ಹೆಂಡತಿಯ ಪೆಟ್ಟಿಗೆಯನ್ನು ಅದರ ಮೇಲೆ ಸುರಿದರು. ಆ ದೇಶಕ್ಕೆ ಬೀಜ, ಸೊಪ್ಪು, ಕಾಯಿ ತೆಗೆದುಕೊಂಡು ಹೋದರೆ ಹೇಳಲೇಬೇಕು, ಹೇಳದಿದ್ದರೆ ದಂಡ, ವೀಸಾ ಕೂಡ ಹೋಗಬಹುದು ಎಂದು ಓದಿಕೊಂಡಿದ್ದರು. ಒಣಸಿಗಡಿ ಹೊರಗೆ ಬಂತು. ಮಾವಿನ ಉಪ್ಪಿನಕಾಯಿ ಬಂತು. ಮಾಂಸದ ಸಾರಿಗೆ ಹಾಕುವ ಬಫಾತ್ ಪುಡಿಯ ಪೊಟ್ಟಣ ಬಂದಾಗ ಮೇಬಲ್ ಬಾಯಿ ಕೈ ಅಡ್ಡ ಹಿಡಿದರು.

"ಬಫಾತ್ ಪುಡಿ ಎಂತ ಬಾಂಬಾ?"

"ಅದು ಮೆಣಸಿನದ್ದು. ಮೆಣಸು ಗಿಡದ್ದು."

"ನಾನೂ ಕಿನ್ನಿಗೋಳಿಯ ಮಣ್ಣಿನದ್ದೇ. ನನ್ನನ್ನೂ ಇಲ್ಲೇ ಬಿಟ್ಟು ಹೋಗಿ."

ಕೊನೆಗೆ ಕೈಚೀಲ ಬಂತು. ಅದರಲ್ಲಿ ಮೇಬಲ್ ಬಾಯಿಯ ಅಮ್ಮನ ಕಾಲದ ಕೊಂಕಣಿ ಪ್ರಾರ್ಥನೆ ಪುಸ್ತಕ ಇತ್ತು. ಹೆನ್ರಿಯವರು ಅದನ್ನು ಎತ್ತಿ, ಮುತ್ತಿಟ್ಟು, ತೆರೆಯದೆ ಹಾಗೆಯೇ ಒಳಗಿಟ್ಟರು.

ವಿಮಾನದಲ್ಲಿ ಕೊಟ್ಟ ಕಾರ್ಡುಗಳನ್ನು ಇಬ್ಬರ ಪರವಾಗಿಯೂ ಅವರೇ ತುಂಬಿದರು. ಒಂದೊಂದು ಪ್ರಶ್ನೆಯನ್ನೂ ಗೇಟಿನ ದನಿಯಲ್ಲಿ ಓದಿದರು. "ಕಾಳು, ಬೀಜ, ಹುಲ್ಲು, ಗಿಡದ ಭಾಗ?"

"ನೀವೇ ಎಲ್ಲ ಬಗೆದಿದ್ದಲ್ಲ? ನನ್ನನ್ನು ಎಂತಕ್ಕೆ ಕೇಳುವುದು?" ಎಂದು ಮೇಬಲ್ ಬಾಯಿ ನಿದ್ದೆಯ ಕಣ್ಣಿನಲ್ಲೇ ಸಹಿ ಹಾಕಿದರು. ಹೆನ್ರಿಯವರು ಇಲ್ಲ ಎಂಬಲ್ಲಿ ಗುರುತು ಮಾಡಿದರು.

ಸಿಡ್ನಿಯಲ್ಲಿ ಇಳಿದದ್ದು ಶನಿವಾರ ಬೆಳಿಗ್ಗೆ. ಸಾಮಾನು ಬರುವಲ್ಲಿ ಮೂಸುವ ನಾಯಿಯೊಂದು ಸಾಲಿನ ಪಕ್ಕದಲ್ಲಿ ನಡೆದು ಬಂತು. ಯಾರದೋ ಚೀಲದ ಸೇಬಿನ ಮುಂದೆ ಕುಳಿತಿತು. ಮೇಬಲ್ ಬಾಯಿಯ ಕೈಚೀಲವನ್ನು ದಾಟಿ ಹೋಯಿತು. ಹೊರಗೆ ಬರುವ ದಾರಿಯಲ್ಲಿ, ತಪಾಸಣೆಗೆ ಮೊದಲು, ಒಂದು ದೊಡ್ಡ ತೊಟ್ಟಿ ಇತ್ತು. ತಂದದ್ದು ನೆನಪಾದರೆ ಇಲ್ಲಿ ಹಾಕಿ ಎಂಬ ಅರ್ಥದ ಬರಹ ಅದರ ಮೇಲೆ. ಹೆನ್ರಿಯವರು ನಿಂತು ಅದನ್ನು ಪೂರ್ತಿ ಓದಿದರು. "ನೋಡು, ಎಷ್ಟು ವ್ಯವಸ್ಥೆ," ಎಂದು ಹೆಂಡತಿಗೆ ತೋರಿಸಿದರು. ಬಂದರಿನ ಬಿಳಿ ಚಿಪ್ಪಿನಂಥ ಕಟ್ಟಡ, ಸೇತುವೆ, ದೋಣಿಗಳು, ಎಲ್ಲವನ್ನೂ ಆ ದಿನ ಎರಡೂ ಕೈ ಬೀಸಿಕೊಂಡು ನೋಡಿದರು. ಆ ದಿನದ ಫೋಟೋಗಳಲ್ಲಿ ಅವರ ಕೈ ಕಿಸೆಯ ಮೇಲಿಲ್ಲ.

ಮರುದಿನ ಭಾನುವಾರ. ಕುವೈತಿನಲ್ಲಿ ವಾರದ ರಜೆಯ ಶುಕ್ರವಾರ ಪೂಜೆಗೆ ಹೋಗಿ ರೂಢಿಯಾದವರಿಗೆ ಭಾನುವಾರದ ಪೂಜೆ ಸಿಕ್ಕಿದ್ದೇ ಸಂಭ್ರಮ. ಹೋಟೆಲಿನ ಹತ್ತಿರದ ಚರ್ಚಿನಲ್ಲಿ ಹಿಂದಿನ ಬೆಂಚು. ಮೇಬಲ್ ಬಾಯಿ ಪ್ರಾರ್ಥನೆ ಪುಸ್ತಕ ತೆರೆದರು. ಹಾಳೆಗಳ ನಡುವಿನಿಂದ ಒಂದು ಒಣಗಿದ ಭತ್ತದ ತೆನೆ ಮಡಿಲಿಗೆ ಬಿತ್ತು.

ಸೆಪ್ಟೆಂಬರ್ ಎಂಟರಂದು ಕರಾವಳಿಯ ಕ್ರೈಸ್ತರಿಗೆ ತೆನೆಹಬ್ಬ. ಮರಿಯಮ್ಮನ ಹುಟ್ಟುಹಬ್ಬದ ದಿನ ಹೊಸ ತೆನೆಯನ್ನು ಚರ್ಚಿನಲ್ಲಿ ಆಶೀರ್ವದಿಸಿ ಮನೆಮನೆಗೆ ಕೊಡುತ್ತಾರೆ. ಮನೆಯ ಯಜಮಾನ ಕಾಳು ಸುಲಿದು, ಪುಡಿಮಾಡಿ, ಹಾಲಿಗೆ ಹಾಕಿ ಎಲ್ಲರಿಗೂ ಹಂಚುತ್ತಾನೆ. ಕುವೈತಿಗೂ ಊರಿನಿಂದ ಬರುವವರ ಪೆಟ್ಟಿಗೆಯಲ್ಲಿ ತೆನೆ ಬರುತ್ತದೆ. ಮೇಬಲ್ ಬಾಯಿಯ ಅಮ್ಮ ಒಂದು ತೆನೆಯನ್ನು ಪುಸ್ತಕದಲ್ಲಿ ಇಡುತ್ತಿದ್ದರು. ಮಗಳೂ ಇಡುತ್ತಾರೆ. ಅದು ಗಿಡದ ಭಾಗ ಎಂದು ಅವರಿಗೆ ಹೊಳೆದೇ ಇರಲಿಲ್ಲ. ಅದು ಆಶೀರ್ವಾದ.

ಹೆನ್ರಿಯವರು ತೆನೆಯನ್ನು ನೋಡಿದರು. ಎರಡು ಕಾಳು ಉದುರಿ ಬೆಂಚಿನ ಅಡಿಗೆ ಹೋದದ್ದನ್ನೂ ನೋಡಿದರು. ಎಲ್ಲರೂ ನಿಂತಿರುವಾಗ ಅವರು ಮೊಣಕಾಲೂರಿ, ಹಣೆ ನೆಲಕ್ಕೆ ತಾಗುವಷ್ಟು ಬಗ್ಗಿದರು. ಪಕ್ಕದ ಮುದುಕಿಯೊಬ್ಬಳು ಅವರ ಭಕ್ತಿಗೆ ಮೆಚ್ಚಿ ತಾನೂ ಮೊಣಕಾಲೂರಿದಳು. ಒಂದು ಕಾಳು ಬೇಗ ಸಿಕ್ಕಿತು. ಇನ್ನೊಂದು ಆ ಮುದುಕಿಯ ಚಪ್ಪಲಿಯ ಪಕ್ಕದಲ್ಲಿತ್ತು. ಅದನ್ನು ಹೆಕ್ಕುವಷ್ಟರಲ್ಲಿ ಪೂಜೆ ಪ್ರಸಾದದವರೆಗೆ ಬಂದಿತ್ತು.

ತೆನೆ, ಎರಡು ಕಾಳು, ಕರವಸ್ತ್ರ, ಬಲಗಿಸೆ. ಅಲ್ಲಿಂದ ಕೈ ಅಲ್ಲಿಯೇ.

ಹೋಟೆಲಿನ ಕೋಣೆಯಲ್ಲಿ ಮಾತಾಯಿತು. ಮೇಬಲ್ ಬಾಯಿ ಹೇಳಿದರು, "ತಿಂದುಬಿಡುವ. ತಿನ್ನುವುದಕ್ಕೇ ಅಲ್ಲವಾ ಹೊಸ ಅಕ್ಕಿ ಇರುವುದು? ಚಹಾದ ಹಾಲಿಗೆ ಹಾಕಿ ನೀವು ಅರ್ಧ, ನಾನು ಅರ್ಧ."

"ಕಳ್ಳಮಾಲು ನುಂಗುವುದಾ? ನನ್ನ ಗೇಟಿನಲ್ಲಿ ಒಬ್ಬ ಹಾಗೆ ಮಾಡಿದರೆ ನಾನು ಎಂತ ಬರೆಯುತ್ತೇನೆ ಗೊತ್ತುಂಟಾ?"

ಆನ್ಸನಿಗೆ ಫೋನ್ ಮಾಡಿದರು. ಅವನು ಸಾಲ್ಮಿಯಾದಲ್ಲಿ ಆಗಷ್ಟೇ ಎದ್ದಿದ್ದ. "ಡ್ಯಾಡ್, ಚಿಲ್. ಜಸ್ಟ್ ಫ್ಲಶ್ ಇಟ್."

ಮೇಬಲ್ ಬಾಯಿ ಫೋನ್ ಕಸಿದುಕೊಂಡರು. "ಸಾಯ್ಬಾ, ದೇವರೇ! ಆಶೀರ್ವಾದದ ತೆನೆಯನ್ನು ಕಕ್ಕಸಿಗೆ ಹಾಕುವುದಾ? ಇದನ್ನೇ ಕಲಿಸಿದ್ದಾ ನಾವು ನಿನಗೆ?"

ಹೀಗೆ ತಿನ್ನುವಂತಿಲ್ಲ, ಬಿಸಾಡುವಂತಿಲ್ಲ, ಇಟ್ಟುಕೊಳ್ಳುವಂತಿಲ್ಲ. ಹೆನ್ರಿಯವರು ಫೋನಿನಲ್ಲಿ ನಿಯಮಗಳನ್ನು ಓದತೊಡಗಿದರು. ಕಾರ್ಡಿಗೆ ಸಹಿ ಹಾಕಿದವರು ಹೊಣೆ. ಪುಸ್ತಕ ಇದ್ದದ್ದು ಮೇಬಲ್ ಬಾಯಿಯ ಚೀಲದಲ್ಲಿ, ಸಹಿ ಅವರದೇ. ದಂಡ ಬಿದ್ದರೆ, ವೀಸಾ ಹೋದರೆ, ಹೆಂಡತಿಯ ಪಾಸ್‌ಪೋರ್ಟಿನ ಮೇಲೆ. ಅದು ಕುವೈತಿಗೆ ತಿಳಿದು ಅಲ್ಲಿನ ವಾಸದ ಪರವಾನಗಿಯಾದ ಇಕಾಮಾಕ್ಕೆ ತೊಂದರೆಯಾದರೆ? ಹಾಗೆ ಆಗುತ್ತದೆಂದು ಎಲ್ಲಿಯೂ ಬರೆದಿರಲಿಲ್ಲ. ಆಗುವುದಿಲ್ಲವೆಂದೂ ಬರೆದಿರಲಿಲ್ಲ.

ಪ್ರವಾಸ ಮುಂದುವರಿಯಿತು. ಪ್ರವಾಸದ ಗುಂಪಿನ ಬಸ್ಸು ಸಿಡ್ನಿಯ ಹೊರಗಿನ ನೀಲಿ ಬೆಟ್ಟಗಳಿಗೆ ಹೋಯಿತು. ಬೆಟ್ಟಗಳು ನಿಜವಾಗಿಯೂ ನೀಲಿ ಕಾಣುತ್ತಿದ್ದವು ಎಂದು ಮೇಬಲ್ ಬಾಯಿ ಹೇಳಿದರು. ಹೆನ್ರಿಯವರಿಗೆ ನೆನಪಿಲ್ಲ. ಕ್ಯಾನ್‌ಬೆರಾದಲ್ಲಿ ಹುಲ್ಲಿನ ಮೇಲೆ ಕುಳಿತುಕೊಳ್ಳಲು ಅವರು ಒಪ್ಪಲಿಲ್ಲ, ಕಾಳು ಬಿದ್ದರೆ ಮೊಳೆಯುತ್ತದೆ ಎಂದು. ಮೆಲ್ಬರ್ನಿನಲ್ಲಿ ಟ್ರಾಮಿನ ಒಳಗೆ ಸಮವಸ್ತ್ರದ ಟಿಕೆಟ್ ತಪಾಸಣೆಯವನನ್ನು ಕಂಡು ಎರಡು ನಿಲ್ದಾಣ ಮೊದಲೇ ಇಳಿದರು. ಪ್ರತಿ ಸಂಜೆ ಕರವಸ್ತ್ರ ಬಿಚ್ಚಿ ಕಾಳು ಎಣಿಸುತ್ತಿದ್ದರು. ತೆನೆಯಲ್ಲಿ ಮೂವತ್ತೊಂದು, ಬಿಡಿ ಎರಡು.

ಶುಕ್ರವಾರ ಕರಾವಳಿಯ ರಸ್ತೆ. ಮೇಬಲ್ ಬಾಯಿ ಕಿಟಕಿಯ ಪಕ್ಕ ಕುಳಿತರು. ವೀಡಿಯೋದಲ್ಲಿ ನೋಡಿದ ತಿರುವುಗಳು ಒಂದೊಂದಾಗಿ ಬಂದವು. ಸಮುದ್ರ ಒಮ್ಮೆ ಕಾಲಡಿಗೆ, ಒಮ್ಮೆ ಮರಗಳ ಹಿಂದಕ್ಕೆ. "ನೋಡಿ, ನೋಡಿ," ಎಂದು ಅವರು ಗಂಡನ ತೋಳು ಅಲುಗಾಡಿಸಿದರು. ಹೆನ್ರಿಯವರು ಹೌದು ಹೌದು ಎಂದರು. ಅವರ ಕಣ್ಣು ಫೋನಿನಲ್ಲಿತ್ತು.

ಮಧ್ಯಾಹ್ನ ಸಮುದ್ರದಲ್ಲಿ ನಿಂತ ದೊಡ್ಡ ಕಲ್ಲುಕಂಬಗಳ ಜಾಗಕ್ಕೆ ಬಂದರು. ಅವುಗಳಿಗೆ ಬೈಬಲಿನ ಶಿಷ್ಯರಂತೆ ಹನ್ನೆರಡು ಅಪೊಸ್ತಲರು ಎಂದು ಹೆಸರು. ಎಣಿಸಿದರೆ ಹನ್ನೆರಡಿಲ್ಲ, ಈಗ ಎಂಟು ಎಂದು ಗೈಡ್ ಹೇಳಿದ.

"ದ್ರೋಹ ಮಾಡಿದ ಜುದಾಸ ಹೋದದ್ದು ಗೊತ್ತು. ಉಳಿದ ಮೂವರು ಎಲ್ಲಿಗೆ?" ಎಂದರು ಮೇಬಲ್ ಬಾಯಿ. ಗಾಳಿ ಜೋರಾಗಿತ್ತು. ಎಲ್ಲರೂ ಟೊಪ್ಪಿ ಹಿಡಿದುಕೊಂಡಿದ್ದರು, ಹೆನ್ರಿಯವರು ಕಿಸೆ ಹಿಡಿದುಕೊಂಡಿದ್ದರು.

ಮೇಬಲ್ ಬಾಯಿ ಫೋಟೋ ತೆಗೆಯುವುದನ್ನು ನಿಲ್ಲಿಸಿದರು.

"ಅಲ್ಲ, ಒಂದು ಮಾತು ಕೇಳುತ್ತೇನೆ. ನಾನು ಈ ಜಾಗಕ್ಕೆ ಯಾರ ಜತೆ ಬಂದದ್ದು? ನಿಮ್ಮ ಜತೆಯಾ, ಆ ಕರವಸ್ತ್ರದ ಜತೆಯಾ?"

"ತಪ್ಪು ಆಗಿದೆ, ಮೇಬಲ್."

"ಆಗಿದೆ. ಮರೆತು ಆಗಿದೆ. ಹೋಗಿ ಹೇಳಿ, ಇಲ್ಲ ಮರೆತುಬಿಡಿ. ಎರಡರಲ್ಲಿ ಒಂದು ಮಾಡಿ. ಮೂವತ್ತು ವರ್ಷಕ್ಕೆ ಒಂದು ರಜೆ ನನಗೆ."

ಅಂದು ಸಂಜೆ ಹೋಟೆಲಿನಲ್ಲಿ ಹೆನ್ರಿಯವರು ಒಂದು ಬಿಳಿ ಹಾಳೆ ಕೇಳಿ ತಂದರು. ಗೇಟಿನಲ್ಲಿ ನೂರಾರು ಜನರಿಂದ ಬರೆಸಿದ ಕ್ರಮದಲ್ಲೇ ಹೇಳಿಕೆ ಬರೆಯತೊಡಗಿದರು. ಹೆಸರು, ಪಾಸ್‌ಪೋರ್ಟ್ ಸಂಖ್ಯೆ, ದಿನಾಂಕ, ವಸ್ತು, ಪ್ರಮಾಣ. ಕಾರಣ ಎನ್ನುವಲ್ಲಿಗೆ ಬಂದಾಗ "ಮರೆತೆವು" ಎಂದು ಬರೆದರು. ಬರೆದದ್ದನ್ನು ಬಹಳ ಹೊತ್ತು ನೋಡಿದರು. ಹೊಡೆದು ಹಾಕಿದರು. "ಸುಳ್ಳು ಹೇಳಿಕೆ" ಎಂದು ಬರೆಯಲು ಪೆನ್ನು ಇಟ್ಟರು. ಅದೂ ಅಲ್ಲ. ಮುತ್ತಲಿಬನ ಹೆಬ್ಬೆಟ್ಟಿನ ಗುರುತು ಆಗ ನೆನಪಾಯಿತು ಎಂದು ಅವರು ನಮಗೆ ಹೇಳಿದರು. ಕೊನೆಗೆ, "ಪ್ರಾರ್ಥನೆ ಪುಸ್ತಕವನ್ನು ನಾನು ತೆರೆದು ನೋಡಲಿಲ್ಲ," ಎಂದು ಬರೆದರು.

ಭಾನುವಾರ ಮೆಲ್ಬರ್ನಿನಿಂದ ಗೋಲ್ಡ್ ಕೋಸ್ಟಿಗೆ ವಿಮಾನ. ಗುಂಪಿನ ಉಳಿದವರು ಒಳಗೆ ಹೋದರು. ಇವರಿಬ್ಬರು ವಿದೇಶದಿಂದ ಬರುವವರ ಕಡೆಗೆ ಪೆಟ್ಟಿಗೆ ಎಳೆದುಕೊಂಡು ಹೋಗಿ, ನಾಲ್ಕು ಜನರನ್ನು ಕೇಳಿ, ಬೀಜ, ಗಿಡ ತಪಾಸಣೆ ಮಾಡುವ ಕ್ವಾರಂಟೈನ್‌ನ ಅಧಿಕಾರಿಯೊಬ್ಬಳನ್ನು ಹುಡುಕಿದರು. ಹೆನ್ರಿಯವರು ಹೇಳಿಕೆಯನ್ನೂ ಕರವಸ್ತ್ರವನ್ನೂ ಮೇಜಿನ ಮೇಲಿಟ್ಟು ನೆಟ್ಟಗೆ ನಿಂತರು. ಆಕೆ ಓದಿದಳು. ತೆನೆಯನ್ನು ನೋಡಿದಳು. ಇದು ಯಾರದು ಎಂದು ಕೇಳಿದಳು.

"ನನ್ನದು," ಎಂದರು ಹೆನ್ರಿ. "ಕಾರ್ಡು ತುಂಬಿದವನು ನಾನು."

"ನನ್ನದು. ಪುಸ್ತಕ ನನ್ನದು, ಸಹಿ ನನ್ನದು," ಎಂದರು ಮೇಬಲ್ ಬಾಯಿ.

ಆಕೆ ಇಬ್ಬರನ್ನೂ ನೋಡಿದಳು. ತಾವಾಗಿ ತಂದುಕೊಟ್ಟಿದ್ದಕ್ಕೆ ಥ್ಯಾಂಕ್ಸ್ ಎಂದಳು. ಭತ್ತದ ಕಾಳು ಯಾಕೆ ಅಪಾಯ ಎಂದು ಎರಡು ಮಾತು ಹೇಳಿದಳು, ಮುಂದಿನ ಸಲ ಸಂಶಯ ಇದ್ದರೆ ಹೌದು ಎಂದೇ ಗುರುತು ಮಾಡಿ ಎಂದಳು. ತೆನೆಯನ್ನು ಒಂದು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ನೀವು ಹೋಗಬಹುದು ಎಂದಳು.

ಹೆನ್ರಿಯವರು ಹೋಗಲಿಲ್ಲ. "ಇದನ್ನು ಬರೆದುಕೊಳ್ಳುವುದಿಲ್ಲವೇ?"

"ಬರೆಯಬೇಕೆ?"

ಗುಂಪಿನವರ ಫೋನ್ ಬರುತ್ತಿತ್ತು. ಮೇಬಲ್ ಬಾಯಿ ಗಂಡನ ಶರ್ಟು ಎಳೆದರು. ಇಪ್ಪತ್ತಾರು ವರ್ಷ ಒಂದು ಗೆರೆ ಬೀಳದಂತೆ ಕಾದುಕೊಂಡು ಬಂದ ಮನುಷ್ಯ ಹೇಳಿದರು, "ಬರೆಯಿರಿ. ನನ್ನ ಹೆಸರು ಮೊದಲು."

ಆಕೆ ಕಂಪ್ಯೂಟರಿನಲ್ಲಿ ಬರೆದುಕೊಂಡಳು. ಲಸ್ರಾದೊ ಎಂಬುದರ ಅಕ್ಷರಗಳನ್ನು ಹೆನ್ರಿಯವರು ಒಂದೊಂದಾಗಿ ಹೇಳಿದರು.

ಮೇಬಲ್ ಬಾಯಿಗೆ ಕೇಳುವುದು ಒಂದು ಉಳಿದಿತ್ತು. ಈ ತೆನೆಯನ್ನು ಏನು ಮಾಡುತ್ತೀರಿ?

ಸುಡುತ್ತೇವೆ, ಎಂದು ಆಕೆ ಸ್ವಲ್ಪ ಅನುಮಾನಿಸುತ್ತಾ ಹೇಳಿದಳು. ಮೇಬಲ್ ಬಾಯಿಯ ಮುಖ ಸಡಿಲವಾಯಿತು. ಆಶೀರ್ವದಿಸಿದ ವಸ್ತು ಹಳೆಯದಾದರೆ ಕಸಕ್ಕೆ ಹಾಕುವಂತಿಲ್ಲ, ಸುಡಬೇಕು ಇಲ್ಲವೆ ಹೂಳಬೇಕು ಎಂಬುದು ಅವರ ಕ್ರಮ. ಗರಿಗಳ ಹಬ್ಬದಂದು ಚರ್ಚಿನಲ್ಲಿ ಆಶೀರ್ವದಿಸಿದ ತೆಂಗಿನ ಗರಿಗಳನ್ನೂ ಮರುವರ್ಷ ಸುಟ್ಟು ಬೂದಿ ಮಾಡುತ್ತಾರೆ. ಅವರು ಚೀಲದ ಕಡೆಗೆ ಶಿಲುಬೆಯ ಗುರುತು ಮಾಡಿ, "ಇದನ್ನು ಕಳೆದ ಭಾನುವಾರವೇ ಸಿಡ್ನಿಯಲ್ಲಿ ಹೇಳಿದ್ದರೆ ಆಗುತ್ತಿತ್ತು," ಎಂದು ಗಂಡನಿಗೆ ಕೊಂಕಣಿಯಲ್ಲಿ ಅಂದರು. ಓಡಿ ವಿಮಾನ ಹಿಡಿದರು.

ಗೋಲ್ಡ್ ಕೋಸ್ಟಿನ ಫೋಟೋಗಳಲ್ಲಿ ಹೆನ್ರಿಯವರು ಪ್ಯಾಂಟು ಮಡಚಿ ನೀರಿನಲ್ಲಿ ನಿಂತಿದ್ದಾರೆ. ಒಂದು ಕೈಯಲ್ಲಿ ಐಸ್‌ಕ್ರೀಮು, ಇನ್ನೊಂದು ಕೈ ಗಾಳಿಯಲ್ಲಿ. ಮೇಬಲ್ ಬಾಯಿ ಆ ಫೋಟೋದ ಮೇಲೆ ಟಿವಿಯನ್ನು ನಿಲ್ಲಿಸಿದರು. "ಹದಿನಾರು ದಿನದಲ್ಲಿ ನನಗೆ ಗಂಡ ಸಿಕ್ಕಿದ್ದು ಮೊದಲಿನ ಒಂದು ದಿನ, ಕೊನೆಯ ಏಳು ದಿನ," ಎಂದರು. "ಆ ರಸ್ತೆಗೆ ಇನ್ನೊಮ್ಮೆ ಕರೆದುಕೊಂಡು ಹೋಗಬೇಕು. ಅದನ್ನು ಇವರು ನೋಡಿಲ್ಲ."

"ನೋಡುವ," ಎಂದರು ಹೆನ್ರಿ.

ಅವರು ಕೆಲಸಕ್ಕೆ ಮರಳಿದ ವಾರ ಗೇಟಿನಲ್ಲಿ ಒಂದು ಬದಲಾವಣೆ ಆಯಿತು. ಗೇಟಿನ ಪಕ್ಕದ ಟೈಮ್ ಆಫೀಸಿನ ಕಿಟಕಿಯಿಂದ ನನಗೆ ಅದು ಕಾಣುತ್ತದೆ. ತಪಾಸಣೆಗೆ ಹತ್ತು ಹೆಜ್ಜೆ ಮೊದಲು, ಕೆಂಪು ಬಣ್ಣ ಬಳಿದ ಒಂದು ಹಾಲಿನ ಪುಡಿಯ ದೊಡ್ಡ ಡಬ್ಬ. ಮ್ಯಾನೇಜರರ ಸಹಿ ಪಡೆದೇ ಇಟ್ಟದ್ದು. ಗೇಟು ದಾಟುವ ಮೊದಲು ನೆನಪಾದದ್ದನ್ನು ಅದರಲ್ಲಿ ಹಾಕಿದರೆ ಯಾರೂ ಏನೂ ಕೇಳುವುದಿಲ್ಲ. ಡಬ್ಬ ದಾಟಿದ ಮೇಲೆ ಹಿಂದಿನ ನಿಯಮವೇ.

"ಪೊರ್ಬುಗಳು ಆಸ್ಟ್ರೇಲಿಯಾದಿಂದ ಚಾಕಲೇಟು ತರುತ್ತಾರೆ ಅಂತ ಕಾದರೆ ಡಬ್ಬ ತಂದರು ಮಾರಾಯ," ಎಂದ ರೋಹಿದಾಸ. ಮೊದಲ ವಾರದಲ್ಲಿ ಅದರಲ್ಲಿ ಒಂಬತ್ತು ಲೈಟರ್, ನಾಲ್ಕು ಬೆಂಕಿಪೊಟ್ಟಣ, ಒಂದು ಹಳೆಯ ಮೊಬೈಲ್ ಸಿಕ್ಕವು. ಆ ವಾರ ಗೇಟಿನಲ್ಲಿ ಯಾರ ಪಾಸೂ ನಿಲ್ಲಲಿಲ್ಲ.

ಮುತ್ತಲಿಬ್ ಮೊದಲ ದಿನ ಡಬ್ಬದ ಮುಂದೆ ನಿಂತು ಅದನ್ನು ನೋಡಿದ.

"ಸಾಬ್, ಯೇ ಕ್ಯಾ ಹೈ?"

ಹೆನ್ರಿಯವರು ಗೇಟಿನಿಂದ ನಾಲ್ಕು ಹೆಜ್ಜೆ ಅವನ ಕಡೆಗೆ ಬಂದರು. ಗೇಟು ಬಿಟ್ಟು ಅವರು ಹಾಗೆ ಮುಂದೆ ಬಂದದ್ದನ್ನು ನಾನು ನೋಡಿದ್ದು ಅದೇ ಮೊದಲು.

"ಭೂಲ್ ಗಯಾ ಕಾ ಜಗಹ್," ಎಂದರು. "ಪೆಹಲೇ ನಹೀ ಥಾ. ಮೇರಾ ಗಲತಿ." ಮರೆತೆ ಎನ್ನುವುದಕ್ಕೆ ಜಾಗ, ಮೊದಲು ಇರಲಿಲ್ಲ, ತಪ್ಪು ನನ್ನದು.

ಮುತ್ತಲಿಬ್ ಊಟದ ಚೀಲವನ್ನು ಬಿಚ್ಚಿ, ಖುಬ್ಸನ್ನು ಕೈಗೆ ತೆಗೆದುಕೊಂಡು, ಚೀಲವನ್ನು ಡಬ್ಬದ ಮೇಲೆ ತಲೆಕೆಳಗೆ ಮಾಡಿ ಕೊಡವಿದ. ರೊಟ್ಟಿಯ ಚೂರುಗಳು ಬಿದ್ದವು, ಬೇರೇನೂ ಬೀಳಲಿಲ್ಲ. ಅವನು ಗೇಟಿಗೆ ಬಂದು ಎರಡೂ ಕೈ ಎತ್ತಿ ನಿಂತ. ಹೆನ್ರಿಯವರು ಕುಛ್ ಹೈ ಎಂದು ಕೇಳಿ, ಎಂದಿನಂತೆ ಅವನ ಕಿಸೆಗಳನ್ನು ತಡವಿದರು.